ಶೇಂಗಾ ಮುಗಿಸಿ ಶಾಲೆಗೆ ಬಂದ ಮಗು

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ, ನಾಲ್ಕನೇ ತರಗತಿ ನನ್ನದು. ಶೇಂಗಾ ಕೀಳುವ ಕಾಲ ಬಂತೆಂದರೆ ಏಳೆಂಟು ಮಕ್ಕಳು ಬರುವುದೇ ಇಲ್ಲ. ಮನೆಮನೆಗೆ ಹೋಗಿ ಕರೆತರುತ್ತೇವೆ. ಬಂದರೂ ಸುಮ್ನೆ ಕೂತಿರುತ್ತಾರೆ, ಎರಡು ಸಾಲು ಓದಲು ಬರಲ್ಲ. ಹಾಜರಿ ಸರಿಹೋದರೆ ಕಲಿಕೆ ತಾನಾಗಿ ಬರುತ್ತೆ ಅಂತಾರೆ. ನಿಜವಾ?

ಉತ್ತರ: ತಾನಾಗಿ ಬರಲ್ಲ ಮೇಡಂ. ಕೀನ್ಯಾ ದೇಶದಲ್ಲಿ 1998ರಲ್ಲಿ ಶುರುವಾದ ಒಂದು ಅಧ್ಯಯನ ಇದೆ. ಎಡ್ವರ್ಡ್ ಮಿಗೆಲ್, ಮೈಕೆಲ್ ಕ್ರೆಮರ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 75 ಶಾಲೆಗಳನ್ನು ಆರಿಸಿಕೊಂಡು ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಟ್ಟರೆ ಏನಾಗುತ್ತೆ ಅಂತ ನೋಡಿದರು. ನಿಮ್ಮ ಶಾಲೆಯಲ್ಲೂ ಕೊಡುತ್ತೀರಲ್ಲ, ಅದೇ ಆಲ್ಬೆಂಡಜೋಲ್. ಗೈರುಹಾಜರಿ ಕಾಲು ಭಾಗ ಇಳಿಯಿತು. ಅಷ್ಟು ಅಗ್ಗದ ಮಾತ್ರೆಗೆ ಅಷ್ಟು ಫಲ! ಆದರೆ ಪರೀಕ್ಷೆಯ ಅಂಕ ಏರಲಿಲ್ಲ.

ಮುಂಬೈ, ವಡೋದರಾದಲ್ಲಿ ಆಗಿದ್ದು ಇದಕ್ಕೆ ಉಲ್ಟಾ. ಅಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ ಅಂತ ಒಂದು ಏರ್ಪಾಟು ಮಾಡಿತ್ತು. ಅಕ್ಕಪಕ್ಕದ ಓಣಿಯ ಹುಡುಗಿಯೊಬ್ಬಳು ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಅವರಿಗೆ ಬರದೇ ಉಳಿದ ಅಕ್ಷರ, ಎಣಿಕೆ, ಕೂಡುವುದು, ಕಳೆಯುವುದನ್ನು ಹೇಳಿಕೊಡುತ್ತಿದ್ದಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಕಲಿಕೆ ಚೆನ್ನಾಗಿ ಏರಿತ್ತು, ತೀರಾ ಹಿಂದಿದ್ದವರಿಗೇ ಲಾಭ ಜಾಸ್ತಿ. ಹಾಜರಿಯಲ್ಲಿ ಮಾತ್ರ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. (ಬ್ಯಾನರ್ಜಿ, ಡುಫ್ಲೊ, ಕ್ರೆಮರ್ ಮೂವರಿಗೂ 2019ರಲ್ಲಿ ಒಟ್ಟಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.)

ಅಂದರೆ ಒಂದು ಮಾಡಿದರೆ ಇನ್ನೊಂದು ಆಗಿಬಿಡುತ್ತೆ ಅಂತ ಕೂರುವ ಹಾಗಿಲ್ಲ, ಅಲ್ವಾ? ಹೊಲದಿಂದ ವಾಪಸ್ ಬಂದ ಹುಡುಗನ ಮುಂದೆ ಅವತ್ತಿನ ಪಾಠ ತೆರೆಯಬೇಡಿ. ಐದು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಕಾಗುಣಿತ ಬರುತ್ತಾ, ಪದ ಓದ್ತಾನಾ, ಒಂದು ಪ್ಯಾರಾ ದಾಟ್ತಾನಾ? ಒತ್ತಕ್ಷರಕ್ಕೆ ಬಂದು ನಿಂತನೋ, ಅಲ್ಲಿಂದಲೇ ಶುರು ಮಾಡಿ. ದಿನಕ್ಕೆ ಒಂದು ಗಂಟೆ ನಾಲ್ಕನೇದು, ಐದನೇದು ಅಂತ ನೋಡದೆ, ಓದು ಎಲ್ಲಿಗೆ ಬಂದಿದೆಯೋ ಅದರಂತೆ ಗುಂಪು ಮಾಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಮಾಡಿದವರಿಗೆ ಇದು ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಕಲಿಯುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ ಇದೆ, ರಜೆ ಹಾಕಿದ ಮಗು ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಅದು ಮೂರನೇ ತರಗತಿಗೇ ನಿಂತುಹೋಗುತ್ತಲ್ಲ, ನನಗೆ ಅದೇ ಬೇಸರ. ನಿಮ್ಮ ಮಕ್ಕಳಿಗೆ ಆ ಏಣಿ ಈಗಲೇ ಜಾಸ್ತಿ ಬೇಕಿತ್ತು.

ಮನೆಗೆ ಹೋಗುವುದನ್ನು ಬಿಡಬೇಡಿ. ಹೋದಾಗ ಯಾಕೆ ಕಳಿಸಿಲ್ಲ ಅಂತ ಜೋರು ಮಾಡುವುದಕ್ಕಿಂತ, ಅವ್ವನ ಎದುರಿಗೇ ಹುಡುಗನಿಂದ ನಾಲ್ಕು ಸಾಲು ಓದಿಸಿ. ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದ ಹುಡುಗಿ ಇದ್ದರೆ, ಅಂಗನವಾಡಿ ಟೀಚರ್ ಹತ್ತಿರ ಅವತ್ತೇ ಒಂದು ಮಾತು ಆಡಿ ಬನ್ನಿ.