ಮದುವೆಗೂ ವೋಟಾ? ಓದುಗರು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೇಲಿ ಯಾವುದೋ ಉತ್ತರದ ಮಧ್ಯೆ ‘ಕೆಲವು ದೇಶಗಳಲ್ಲಿ ಸಲಿಂಗ ಮದುವೆ ಬೇಕಾ ಬೇಡ್ವಾ ಅಂತ ಜನರ ಹತ್ರ ವೋಟೇ ಹಾಕ್ಸಿದ್ರು’ ಅಂತ ಒಂದು ಸಾಲು ಬರ್ದಿದ್ದೆ, ಅಷ್ಟಕ್ಕೇ ಪತ್ರ ಈಮೇಲ್ ರಾಶಿ ಬಿದ್ದಿದೆ. ಬೈಗುಳ ಪಕ್ಕಕ್ಕಿಟ್ಟು ಪ್ರಶ್ನೆ ಇರೋದನ್ನ ಮಾತ್ರ ತಗೊಂಡಿದೀನಿ.

ಪ್ರ: ಮಗ ಸೊಸೆ ಸಿಡ್ನಿಲಿದ್ದಾರೆ. ಅಲ್ಲಿ ಈ ಮದುವೆ ಬಗ್ಗೆ ಇಡೀ ದೇಶಕ್ಕೆ ಕಾಗದ ಹಾಕಿ ಕೇಳಿದ್ರಂತೆ, ನಿಜವೇ? ಅದು ಎಲೆಕ್ಷನ್ನೋ ಸರ್ವೇನೋ?
– ನಿವೃತ್ತ ಶಿಕ್ಷಕರು, ಹಾಸನ

ಉ: ನಿಜ ಮೇಷ್ಟ್ರೇ, ಮತ್ತೆ ನಿಮ್ಮ ಎರಡನೇ ಪ್ರಶ್ನೇನೇ ಅಸಲಿ ಪ್ರಶ್ನೆ. 2017ರ ಸೆಪ್ಟೆಂಬರಲ್ಲಿ ವೋಟರ್ ಲಿಸ್ಟಲ್ಲಿರೋ ಎಲ್ಲರಿಗೂ ಪೋಸ್ಟಲ್ಲಿ ಒಂದು ಫಾರಂ ಬಂತು, ಅದರಲ್ಲಿ ಒಂದೇ ಪ್ರಶ್ನೆ, ಸಲಿಂಗ ಜೋಡಿಗಳು ಮದುವೆ ಆಗೋಕೆ ಅವಕಾಶ ಕೊಡೋ ಹಾಗೆ ಕಾನೂನು ಬದಲಾಯಿಸ್ಬೇಕಾ ಅಂತ, ಕೆಳಗೆ ಎಸ್, ನೋ ಅಂತ ಎರಡು ಬಾಕ್ಸು. ಒಂದಕ್ಕೆ ಗುರುತು ಹಾಕಿ ಕವರಲ್ಲಿಟ್ಟು ವಾಪಸ್ ಪೋಸ್ಟ್ ಮಾಡೋದು, ಅಷ್ಟೇ. ಇದನ್ನ ನಡೆಸಿದ್ದು ಚುನಾವಣಾ ಆಯೋಗ ಅಲ್ಲ, ಜನಗಣತಿ ಮಾಡೋ ಅಂಕಿಅಂಶ ಇಲಾಖೆ! ಯಾಕಂದ್ರೆ ಜನಮತ ತಗೊಳ್ಳೋ ಮಸೂದೆಗೆ ಸೆನೆಟ್, ಅಂದ್ರೆ ಅಲ್ಲಿನ ಮೇಲ್ಮನೆ, ಒಪ್ಪಲಿಲ್ಲ, ಆಗ ಸರ್ಕಾರ ಇದು ವೋಟಲ್ಲ ಸರ್ವೇ ಅಂತ ಹೆಸರು ಬದಲಾಯಿಸಿ ಹಿಂಬಾಗಿಲಿಂದ ತಂತು. ಕೆಲವರು ಕೋರ್ಟಿಗೂ ಹೋದ್ರು, ಕೋರ್ಟು ನಡೀಲಿ ಬಿಡಿ ಅಂತು.

ಆಸ್ಟ್ರೇಲಿಯಾದಲ್ಲಿ ಎಲೆಕ್ಷನ್ ವೋಟು ಕಡ್ಡಾಯ, ಇದು ಕಡ್ಡಾಯ ಅಲ್ಲ, ಆದ್ರೂ 79.5% ಜನ ಫಾರಂ ವಾಪಸ್ ಕಳಿಸಿದ್ರು. ಎಸ್ 61.6%, ನೋ 38.4%. ಡಿಸೆಂಬರ್ 7ಕ್ಕೆ ಪಾರ್ಲಿಮೆಂಟಲ್ಲಿ ಕಾನೂನು ಪಾಸು. ಖರ್ಚು ಸುಮಾರು 8 ಕೋಟಿ ಡಾಲರ್. ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಮದುವೆ ಅಂದ್ರೆ ಗಂಡು ಹೆಣ್ಣು ಮಾತ್ರ ಅಂತ 2004ರಲ್ಲಿ ಇದೇ ಪಾರ್ಲಿಮೆಂಟು ಕಾನೂನಿಗೆ ಸೇರಿಸಿದಾಗ ಯಾರ ಮನೆಗೂ ಫಾರಂ ಬರ್ಲಿಲ್ಲ ಸ್ವಾಮಿ. ಬಾಗಿಲು ಹಾಕೋಕೆ ಎಂಪಿಗಳೇ ಸಾಕು, ತೆಗೆಯೋಕೆ ಮಾತ್ರ ಕೋಟಿಗಟ್ಟಲೆ ಜನರ ಅಪ್ಪಣೆ ಬೇಕು, ಇದ್ಯಾವ ನ್ಯಾಯ?

ಪ್ರ: ನಾವಿರೋದು ಸಿಡ್ನಿಯ ಪ್ಯಾರಮಟ್ಟಾ ಕಡೆ. ಇಲ್ಲಿ ಆಗ ನೋ ಜಾಸ್ತಿ ಬಂದಿತ್ತು. ‘ನಿಮ್ಮ ಇಂಡಿಯನ್ಸ್ ಎಲ್ಲ ನೋ ಪಾರ್ಟಿ’ ಅಂತ ಆಫೀಸಲ್ಲಿ ಇವತ್ತಿಗೂ ಕಾಲೆಳೀತಾರೆ. ಏನಂತ ಉತ್ತರ ಕೊಡ್ಲಿ?
– ಹೆಸರು ಬೇಡ ಮೇಡಂ

ಉ: ಲೆಕ್ಕ ಕೊಡಿ ಅಂತ ಕೇಳಿ, ಅವರ ಹತ್ರ ಇರಲ್ಲ. ಒಟ್ಟು 150 ಕ್ಷೇತ್ರದಲ್ಲಿ 17 ಕಡೆ ನೋ ಗೆದ್ದಿದ್ದು, ಅದರಲ್ಲಿ 12 ಪಶ್ಚಿಮ ಸಿಡ್ನಿಯವು, ಬ್ಲಾಕ್ಸ್‌ಲ್ಯಾಂಡಲ್ಲಂತೂ 73.9% ನೋ. ನಿಮ್ಮ ಪ್ಯಾರಮಟ್ಟಾದಲ್ಲಿ ನೋ 61.6%, ಅಂದ್ರೆ ಇಡೀ ದೇಶ ಎಷ್ಟು ಎಸ್ ಅಂತೋ ಕರೆಕ್ಟಾಗಿ ಅಷ್ಟೇ ನೀವು ನೋ ಅಂದಿದೀರಿ, ಏನ್ ಹೊಂದಾಣಿಕೆ ನೋಡಿ! ಆದ್ರೆ ಇಲಾಖೆ ಎಸ್ ನೋ ಎಣಿಸಿದ್ದು ಕ್ಷೇತ್ರದ ಲೆಕ್ಕದಲ್ಲಿ, ಯಾವ ದೇಶದಿಂದ ಬಂದೋರು ಏನಂದ್ರು ಅಂತ ಎಣಿಸೇ ಇಲ್ಲ. ಆ ಕ್ಷೇತ್ರಗಳಲ್ಲಿ ಲೆಬನಾನಿನವರು, ವಿಯೆಟ್ನಾಮಿನವರು, ಚೀನಾದವರು, ನಮ್ಮವರು, ತಲೆಮಾರುಗಳಿಂದ ಅಲ್ಲೇ ಇರೋ ಬಿಳಿಯರು ಎಲ್ಲರೂ ಇದ್ದಾರೆ. ಹಾಗಾಗಿ ‘ಇಂಡಿಯನ್ಸ್ ನೋ’ ಅನ್ನೋದು ಊಹೆ.

ಹಾಗಂತ ನಮ್ಮವರನ್ನ ಪೂರ್ತಿ ಬಚಾವ್ ಮಾಡ್ತಿಲ್ಲ ನಾನು. ನೋ ಕಡೆಯವರು ಟೀವಿ ಜಾಹೀರಾತಲ್ಲಿ ಮದುವೆಗಿಂತ ಜಾಸ್ತಿ ಸ್ಕೂಲಿನ ಮಾತೇ ಎತ್ತಿದ್ರು, ಸ್ಕೂಲಲ್ಲಿ ಗಂಡು ಮಗ ಬೇಕಾದ್ರೆ ಫ್ರಾಕ್ ಹಾಕ್ಕೊಂಡು ಬರಬಹುದು ಅಂತಾರಂತೆ ಅಂತ ಒಬ್ಬ ತಾಯಿ ಕೈಲಿ ಹೇಳಿಸಿದ್ರು. ಮಕ್ಕಳ ಓದಿಗೋಸ್ಕರಾನೇ ಊರು ಬಿಟ್ಟು ಬಂದ ಅಪ್ಪ ಅಮ್ಮಂಗೆ ಇದು ಎಲ್ಲಿ ತಟ್ಟುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಗಳ ಬಾಗಿಲಿಗೆ ಬಂದು, ಅವರ ಭಾಷೇಲಿ, ಹಾಗಲ್ಲಮ್ಮ ವಿಷಯ ಇಷ್ಟೇ ಅಂತ ಕೂತು ಹೇಳೋರು ಕಮ್ಮಿ ಇದ್ರು ಅಂತ ನನ್ನ ಅನಿಸಿಕೆ.

ಇನ್ನೊಂದು ವಿಷಯ, ಮುಂದಿನ ಸಲ ಕಾಲೆಳೆದ್ರೆ ಇದನ್ನೇ ಹೇಳಿ. ಜನರನ್ನೇ ಕೇಳೋಣ ಅನ್ನೋ ಐಡಿಯಾ 2015ರಲ್ಲಿ ತಂದಿದ್ದು ಆಗ ಪ್ರಧಾನಿಯಾಗಿದ್ದ ಟೋನಿ ಅಬಾಟ್, ಅವರು ನೋ ಕಡೆ. ಅವರ ಸ್ವಂತ ಕ್ಷೇತ್ರ ವಾರಿಂಗಾದಲ್ಲಿ 75% ಎಸ್ ಬಂತು, ಕೊನೇಲಿ ಪಾರ್ಲಿಮೆಂಟಲ್ಲಿ ವೋಟು ಹಾಕೋ ಹೊತ್ತಿಗೆ ಅವರು ಎದ್ದು ಹೊರಗೆ ಹೋದ್ರು. ಜನ ನೋ ಅಂದ ಬ್ಲಾಕ್ಸ್‌ಲ್ಯಾಂಡ್, ವಾಟ್ಸನ್ ಕ್ಷೇತ್ರಗಳ ಎಂಪಿಗಳು ಮಾತ್ರ ಎಸ್ ಅಂತಾನೇ ವೋಟು ಹಾಕಿದ್ರು.

ಪ್ರ: ನಮ್ಮದು ಕ್ಯಾಥೊಲಿಕ್ ಕುಟುಂಬ. ಐರ್ಲೆಂಡಿನಂಥ ಚರ್ಚಿನ ದೇಶ ಹೇಗೆ ಒಪ್ಪಿತು ಅಂತ ಆಶ್ಚರ್ಯ.
– ಓದುಗರು, ಮಂಗಳೂರು

ಉ: ಒಂದೇ ದಿನಕ್ಕೆ ಒಪ್ಪಿದ್ದಲ್ಲ. ಅಲ್ಲಿ 1993ರ ತನಕ ಗಂಡು ಗಂಡಿನ ಸಂಬಂಧ ಅಪರಾಧ ಆಗಿತ್ತು. ವಿಚ್ಛೇದನಕ್ಕೆ ಅವಕಾಶ ಸಿಕ್ಕಿದ್ದೇ 1995ರ ಜನಮತದಲ್ಲಿ, ಅದೂ ಕೂದಲೆಳೆ ಅಂತರದಲ್ಲಿ. ಮುಂದೆ ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವರದಿಗಳು ಒಂದಾದ ಮೇಲೊಂದು ಹೊರಗೆ ಬಂದ್ವು, ನೀತಿ ಪಾಠ ಹೇಳೋರ ಮಾತಿನ ತೂಕ ಇಳೀತು. ಜನ ದೇವರನ್ನ ಬಿಡಲಿಲ್ಲ, ಬಿಷಪ್ಪರ ಮಾತು ಕೇಳೋದು ಕಮ್ಮಿ ಮಾಡಿದ್ರು.

ಮತ್ತೆ ಅಲ್ಲಿ ಸಿದ್ಧತೆ ಮಾಡಿದ ರೀತಿ ನನಗೆ ಇಷ್ಟ. ವೋಟಿಗಿಂತ ಮುಂಚೆ ಸಂವಿಧಾನದ ಬಗ್ಗೆ ಚರ್ಚೆ ಮಾಡೋಕೆ ನೂರು ಜನರ ಒಂದು ಸಭೆ ಮಾಡಿದ್ರು, 66 ಸಾಮಾನ್ಯ ನಾಗರಿಕರು, 33 ರಾಜಕಾರಣಿಗಳು, ಒಬ್ಬರು ಅಧ್ಯಕ್ಷರು. ಅವರೆಲ್ಲ ಕೂತು ಎರಡೂ ಕಡೆಯವರ ಮಾತು ಕೇಳಿ 2013ರಲ್ಲಿ ಆಗಲಿ ಅಂತ ಶಿಫಾರಸು ಮಾಡಿದ್ರು. 2015ರ ಮೇ 22ರ ವೋಟಲ್ಲಿ 62% ಎಸ್, ಇಡೀ ದೇಶದಲ್ಲಿ ನೋ ಅಂದಿದ್ದು ಒಂದೇ ಕ್ಷೇತ್ರ. ಹೊರದೇಶಕ್ಕೆ ಕೆಲಸಕ್ಕೆ ಹೋದ ಹುಡುಗ್ರಿಗೆ ಅಂಚೆ ವೋಟು ಇರ್ಲಿಲ್ಲ, ಹಾಗಾಗಿ ಎಷ್ಟೋ ಜನ ವಿಮಾನ, ಹಡಗು ಹತ್ತಿ ವೋಟಿಗೋಸ್ಕರ ಊರಿಗೆ ಬಂದ್ರು. ಚರ್ಚಿಗೆ ನಡ್ಕೊಳ್ಳೋ ಮಾಜಿ ರಾಷ್ಟ್ರಪತಿ ಮೇರಿ ಮೆಕಲೀಸ್ ತಾಯಿಯಾಗಿ ಮಾತಾಡಿದ್ರು, ಅವರ ಮಗ ಗೇ. ಆರೋಗ್ಯ ಮಂತ್ರಿ ಲಿಯೋ ವರಾಡ್ಕರ್, ಅವರ ಅಪ್ಪ ಮುಂಬೈ ಕಡೆಯಿಂದ ಹೋದ ಡಾಕ್ಟ್ರು, ಆ ವರ್ಷ ಜನವರೀಲಿ ರೇಡಿಯೋದಲ್ಲಿ ನಾನು ಗೇ ಅಂತ ಹೇಳ್ಕೊಂಡ್ರು. 2017ರಲ್ಲಿ ಅವರೇ ಪ್ರಧಾನಿ. ಗೊತ್ತಿರೋ ಮುಖ ಒಂದು ಎದುರಿಗೆ ಬಂದ ಮೇಲೆ ಜನ ವಾದದ ಮೇಲೆ ವೋಟು ಹಾಕಲ್ಲ, ಆ ಮುಖ ನೆನೆಸ್ಕೊಂಡು ಹಾಕ್ತಾರೆ.

ಪ್ರ: ಮೆಜಾರಿಟಿ ಜನ ಬೇಡ ಅಂದ್ರೆ ಬೇಡ, ಅದೇ ಡೆಮಾಕ್ರಸಿ ಅಲ್ವಾ?
– ತುಮಕೂರು

ಉ: ನಿಮ್ಮ ಮದುವೆಗೆ ಯಾರ್ಯಾರ ಮೆಜಾರಿಟಿ ತಗೊಂಡ್ರಿ, ಅತ್ತೆ ಮಾವಂದು ಬಿಟ್ಟು? ಅಮೆರಿಕದಲ್ಲಿ ಕರಿಯರು ಬಿಳಿಯರು ಮದುವೆ ಆಗಬಾರದು ಅನ್ನೋ ಕಾನೂನುಗಳನ್ನ ಸುಪ್ರೀಂ ಕೋರ್ಟ್ 1967ರಲ್ಲೇ ತೆಗೆದುಹಾಕ್ತು. ಅಲಬಾಮಾ ರಾಜ್ಯದ ಸಂವಿಧಾನದಲ್ಲಿ ಆ ಸಾಲು ಸುಮ್ನೆ ಹಾಗೇ ಉಳ್ಕೊಂಡಿತ್ತು, ತೆಗೆಯೋಣ್ವಾ ಅಂತ 2000ದಲ್ಲಿ ವೋಟಿಗೆ ಹಾಕಿದ್ರೆ 40% ಜನ ಇರ್ಲಿ ಬಿಡಿ ಅಂದ್ರು! ಈಗ ನಮ್ಮ ಹಳ್ಳಿಗಳಲ್ಲಿ ಅಂತರ್ಜಾತಿ ಮದುವೆ ಬೇಕಾ ಬೇಡ್ವಾ ಅಂತ ಡಬ್ಬ ಇಡೋಣ್ವಾ, ನೀವೇ ಹೇಳಿ.

ಪ್ರ: ನಮ್ಮ ದೇಶದಲ್ಲಿ ವೋಟ್ ಹಾಕ್ಸಿದ್ರೆ ಯಾರು ಗೆಲ್ತಾರೆ ಮೇಡಂ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉ: ನಮ್ಮ ಸಂವಿಧಾನದಲ್ಲಿ ಇಂಥ ಜನಮತಕ್ಕೆ ಜಾಗಾನೇ ಇಲ್ಲಪ್ಪ. 1967ರಲ್ಲಿ ಗೋವಾ ಮಹಾರಾಷ್ಟ್ರಕ್ಕೆ ಸೇರ್ಬೇಕಾ ಅಂತ ಅಲ್ಲಿನವರನ್ನ ಕೇಳಿದ್ದುಂಟು, ಅದು ಊರಿನ ವಿಷಯ, ಒಬ್ಬರ ಮದುವೆ ವಿಷಯ ಅಲ್ಲ. ಅಮೆರಿಕದ ಪ್ಯೂ ಅನ್ನೋ ಸಂಶೋಧನಾ ಸಂಸ್ಥೆ 2023ರಲ್ಲಿ ಮಾಡಿದ ಸರ್ವೇಲಿ ನಮ್ಮಲ್ಲಿ 53% ಜನ ಸಲಿಂಗ ಮದುವೆಗೆ ಪರ ಅಂದ್ರು, ಅದನ್ನ ನೋಡಿ ಖುಷಿ ಪಡಬಹುದು ಆದ್ರೆ ಜಾಸ್ತಿ ನಂಬ್ಕೋಬೇಡ. ಸರ್ವೇಯವರಿಗೆ ಉತ್ತರ ಹೇಳೋದು ಬೇರೆ, ತಿಂಗಳುಗಟ್ಟಲೆ ವಾಟ್ಸಾಪ್ ಫಾರ್ವರ್ಡ್ ಓದಿ, ಭಾಷಣ ಕೇಳಿ ವೋಟು ಹಾಕೋದು ಬೇರೆ. ತೈವಾನಲ್ಲಿ 2018ರಲ್ಲಿ 70%ಗಿಂತ ಜಾಸ್ತಿ ಜನ ಮದುವೆ ಅಂದ್ರೆ ಗಂಡು ಹೆಣ್ಣಿಗೆ ಮಾತ್ರ ಅಂದ್ರು, ಆದ್ರೂ ಸಲಿಂಗ ಮದುವೆಗೆ ಅವಕಾಶ ಕೊಡಿ ಅಂತ ಸಾಂವಿಧಾನಿಕ ಕೋರ್ಟ್ ಮೊದಲೇ ಹೇಳಿತ್ತು, ಹಾಗಾಗಿ 2019ರಲ್ಲಿ ಅದನ್ನ ಬೇರೆ ಕಾನೂನಾಗಿ ತಂದ್ರು. ಅಮೆರಿಕದ ಮೇನ್ ರಾಜ್ಯ 2009ರಲ್ಲಿ ಬೇಡ ಅಂದಿದ್ದು 2012ರಲ್ಲಿ ಬೇಕು ಅಂತು, ಮಧ್ಯದ ಮೂರು ವರ್ಷ ಸ್ವಯಂಸೇವಕರು ಮನೆಮನೆ ಬಾಗಿಲು ತಟ್ಟಿ ಮಾತಾಡಿದ್ರು. ನಮ್ಮಲ್ಲಿ ಸಲಿಂಗ ಸಂಬಂಧ ಅಪರಾಧ ಅಂತಿದ್ದ ಸೆಕ್ಷನ್ 377ರ ಕಾಟ 2018ರಲ್ಲಿ ಹೋಯ್ತು, 2023ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಮದುವೆ ವಿಷಯ ಪಾರ್ಲಿಮೆಂಟಿಗೆ ಬಿಟ್ಟಿದ್ದು ಅಂತು. ಹಾಗಾಗಿ ಕೇಳೋದಿದ್ರೆ ನಿಮ್ಮ ಎಂಪಿನ ಕೇಳು.

ಪ್ರ: ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ, ಜೊತೆಗಿರೋ ಹುಡುಗೀನೇ ತನ್ನ ಸಂಗಾತಿ ಅಂತ ಹೇಳಿದ್ದಾಳೆ. ನನಗೆ ಬೇಜಾರೇನಿಲ್ಲ, ಆದ್ರೆ ನೆಂಟರು ಕೇಳಿದ್ರೆ ಏನು ಹೇಳ್ಲಿ? ನಾಳೆ ಅವಳ ಗತಿ ಏನು?
– ತಾಯಿ, ಶಿವಮೊಗ್ಗ

ಉ: ಅಮ್ಮಾ, ನೆಂಟರಿಗೆ ಎಷ್ಟು ಹೇಳಬೇಕು ಅನ್ನೋದನ್ನ ಮಗಳನ್ನೇ ಕೇಳಿ, ಅದು ಅವಳ ಸುದ್ದಿ. ಅಲ್ಲಿವರೆಗೆ ‘ಫ್ರೆಂಡ್ ಜೊತೆ ಮನೆ ಮಾಡಿದ್ದಾಳೆ, ಆರಾಮಾಗಿದ್ದಾಳೆ’ ಅಂದ್ರೆ ಸುಳ್ಳೇನೂ ಹೇಳಿದ ಹಾಗಾಗಲ್ಲ. ಇನ್ನು ಗತಿ ಅಂದ್ರಲ್ಲ, ಮದುವೆ ರಿಜಿಸ್ಟರ್ ಆಗಲ್ಲ ನಿಜ, ಆದ್ರೆ ಇಬ್ಬರೂ ಸೇರಿ ಜಾಯಿಂಟ್ ಅಕೌಂಟ್ ತೆಗೀಬಹುದು, ಒಬ್ಬರಿಗೊಬ್ಬರು ನಾಮಿನಿ ಆಗಬಹುದು, ಇದಕ್ಕೆ ಯಾವ ಅಡ್ಡಿಯೂ ಇಲ್ಲ ಅಂತ 2024ರ ಆಗಸ್ಟಲ್ಲಿ ಕೇಂದ್ರ ಹಣಕಾಸು ಸಚಿವಾಲಯವೇ ಹೇಳಿದೆ, ಬ್ಯಾಂಕಲ್ಲಿ ತಕರಾರು ಮಾಡಿದ್ರೆ ಇದನ್ನೇ ತೋರಿಸಲಿ. ಒಂದು ಎಚ್ಚರ, ನಾಮಿನಿ ಆದ ಮಾತ್ರಕ್ಕೆ ದುಡ್ಡು ಅವರದ್ದೇ ಆಗಲ್ಲ, ವಾರಸುದಾರರು ಕೇಳಬಹುದು, ಅದಕ್ಕೇ ಇಬ್ಬರೂ ವಿಲ್ ಬರೆದಿಡೋದು ವಾಸಿ. ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ, ಸಹಿ, ಇಬ್ಬರು ಸಾಕ್ಷಿ ಸಾಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮಾಡ್ಸಿಟ್ರೆ ಆಮೇಲೆ ಚಿಕ್ಕಪ್ಪ ದೊಡ್ಡಪ್ಪಂದ್ರ ತಕರಾರು ಕಮ್ಮಿ.