ಐದನೆಯ ಪುಟದಿಂದ ಆರಂಭಿಸಿ

ಪ್ರಿಯ ಲೇಖಕರೆ,

ಗುಜರಿ ರಾಶಿಯಲ್ಲಿ ಸಿಕ್ಕ, 386 ಎಂಬ ಪ್ರೊಸೆಸರ್ ಚಿಪ್ಪಿರುವ ಹಳೆಯ ಕಂಪ್ಯೂಟರ್ ಮದರ್‌ಬೋರ್ಡೊಂದನ್ನು ದುರಸ್ತಿ ಮಾಡಿದ ಬಗ್ಗೆ ನೀವು ಕಳುಹಿಸಿದ ಎಂಟು ಪುಟಗಳ ಲೇಖನವನ್ನೂ ಜೊತೆಗಿದ್ದ ಆರು ಚಿತ್ರಗಳನ್ನೂ ಎರಡು ಸಲ ನೋಡಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಹಾಗಿದ್ದೂ ಎರಡು ಸಾಲಿನ ವಿಷಾದಪತ್ರಕ್ಕೆ ಬದಲಾಗಿ ಇಷ್ಟುದ್ದ ಬರೆಯುತ್ತಿರುವುದು, ಪ್ರಕಟವಾಗಲೇಬೇಕಾದ ಲೇಖನವೊಂದು ಇದರೊಳಗೆ ಹೂತುಹೋಗಿದೆ ಎಂಬ ಕಾರಣಕ್ಕೆ.

ಮೊದಲ ನಾಲ್ಕು ಪುಟಗಳಲ್ಲಿ ಮಣಿಚೌಕಟ್ಟಿನಿಂದ ಹಿಡಿದು ಬ್ಯಾಬೇಜ್, ನಿರ್ವಾತ ನಳಿಕೆ, 1971ರ ಇಂಟೆಲ್ 4004 ಪ್ರೊಸೆಸರಿನವರೆಗೆ ಗಣಕದ ಚರಿತ್ರೆಯನ್ನೆಲ್ಲ ಹೇಳಿದ್ದೀರಿ. ಅದರಲ್ಲಿ ತಪ್ಪೂ ಇಲ್ಲ, ನಿಮ್ಮದೆನ್ನುವುದೂ ಇಲ್ಲ. 4004ರಲ್ಲಿ 2,300 ಟ್ರಾನ್ಸಿಸ್ಟರ್‌ಗಳು, 1985ರ 386ರಲ್ಲಿ 2,75,000 ಎಂಬ ಹೋಲಿಕೆಯೊಂದನ್ನು ಮಾತ್ರ ಉಳಿಸಿ ಕೊನೆಯ ಭಾಗಕ್ಕೆ ಒಯ್ಯಿರಿ. ಅಷ್ಟು ಟ್ರಾನ್ಸಿಸ್ಟರ್‌ಗಳೂ ಸುಸ್ಥಿತಿಯಲ್ಲಿದ್ದು, ತಾಮ್ರದ ಒಂದು ಸಣ್ಣ ಗೆರೆ ಕಡಿದದ್ದರಿಂದ ಇಡೀ ಬೋರ್ಡು ನಿಂತುಹೋಗಿತ್ತೆಂಬುದು ಓದುಗರಿಗೆ ತಟ್ಟುವುದು ಅಲ್ಲಿ.

ಐದನೆಯ ಪುಟದಲ್ಲಿ, 'ಮಲ್ಟಿಮೀಟರ್ ಹಿಡಿದು ಹಲವು ಗಂಟೆ ಪರೀಕ್ಷಿಸಿದ ಬಳಿಕ ದೋಷ ಪತ್ತೆಯಾಗಿ ಬೋರ್ಡು ಮತ್ತೆ ಜೀವ ತಳೆಯಿತು' ಎಂದು ಒಂದೇ ವಾಕ್ಯದಲ್ಲಿ ಕೆಲಸ ಮುಗಿಸಿದ್ದೀರಿ. ಆ ಹಲವು ಗಂಟೆಗಳೇ ನಿಮ್ಮ ಲೇಖನ. ನಾಲ್ಕನೆಯ ಚಿತ್ರದಲ್ಲಿ ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಕಾಲೊಂದರಿಂದ ಹೊರಟ ನೀಲಿ ತಂತಿ ಕಾಣುತ್ತದೆ; ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ಆ ತಂತಿ ಎಲ್ಲಿಗೆ ಹೋಗುತ್ತದೆ, ಕಂಟಿನ್ಯೂಟಿ, ಅಂದರೆ ಸಂಪರ್ಕ ಕಡಿಯದೆ ಇದೆಯೇ ಎಂದು, ನೋಡುವಾಗ ಮೀಟರು ಯಾವ ಎರಡು ಬಿಂದುಗಳ ನಡುವೆ ಸದ್ದು ಮಾಡದೆ ಉಳಿಯಿತು, ಅಷ್ಟೊಂದು ಚಿಪ್ಪುಗಳಿರುವಾಗ ಅದೊಂದರ ಮೇಲೆಯೇ ಸಂಶಯ ಹೋದದ್ದು ಹೇಗೆ ಎಂಬುದನ್ನೆಲ್ಲ ನಡೆದ ಕ್ರಮದಲ್ಲಿಯೇ ಬರೆಯಿರಿ. ಮೊದಲು ಮೆಮೊರಿ ಕೆಟ್ಟಿದೆಯೆಂದು ತಿಳಿದು ನಾಲ್ಕೂ ಮೆಮೊರಿ ಪಟ್ಟಿಗಳನ್ನು, ಅಂದರೆ ಸಿಮ್‌ಗಳನ್ನು ಬದಲಿಸಿ ಸೋತದ್ದನ್ನು ನಾಚಿಕೊಂಡವರಂತೆ ಆವರಣದೊಳಗೆ ಇಟ್ಟಿದ್ದೀರಿ. ಅದನ್ನು ಹೊರಗೆ ತನ್ನಿ. ತಪ್ಪು ಊಹೆಯೊಂದು ಹೇಗೆ ಬಿದ್ದುಹೋಯಿತೆಂದು ತಿಳಿದ ಇನ್ನೊಬ್ಬ ಹವ್ಯಾಸಿಗೆ ಒಂದು ಸಂಜೆಯಾದರೂ ಉಳಿಯುತ್ತದೆ.

ಇನ್ನು ಸುಮ್ಮನೆ ಬಿಡಲಾಗದ ತಪ್ಪುಗಳಿವೆ. ಬೋರ್ಡಿನ ಮೇಲಿದ್ದ ಪೀಪಾಯಿಯಾಕಾರದ 3.6 ವೋಲ್ಟಿನ ಬ್ಯಾಟರಿಯಿಂದ 'ಆಮ್ಲ' ಸೋರಿತ್ತು, ಅದನ್ನು ಅಡುಗೆ ಸೋಡದ ನೀರಿನಿಂದ ತೊಳೆದೆ ಎಂದಿದ್ದೀರಿ. ಆ ಕಾಲದ ಬೋರ್ಡುಗಳಲ್ಲಿ ಇರುತ್ತಿದ್ದ ಅಂಥ ಬ್ಯಾಟರಿ ನಿಕಲ್-ಕ್ಯಾಡ್ಮಿಯಂ. ಅದರಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಪ್ರಬಲ ಕ್ಷಾರ. ಸೋಡ ತಾನೇ ಕ್ಷಾರೀಯವಾದದ್ದು. ಗಂಧಕಾಮ್ಲವಿರುವ ವಾಹನದ ಬ್ಯಾಟರಿಗೆ ಒಪ್ಪುವ ಉಪಾಯ ಇಲ್ಲಿ ನಡೆಯುವುದಿಲ್ಲ. ವಿನೆಗರಿನಂಥ ದುರ್ಬಲ ಆಮ್ಲದಿಂದ ಕ್ಷಾರವನ್ನು ತಟಸ್ಥಗೊಳಿಸಿ, ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಹಾಗೆ ಮಾಡದೆ ಬಿಟ್ಟರೆ ಹಸಿರು ಲೇಪನದ ಅಡಿಯಲ್ಲಿ ತಾಮ್ರ ಸವೆಯುತ್ತಲೇ ಇರುತ್ತದೆ, ನೀವು ಬೆಸೆದ ತಂತಿಯ ಪಕ್ಕದ ಗೆರೆಯೇ ಮುಂದೊಂದು ದಿನ ಕಡಿಯುತ್ತದೆ. ಬ್ಯಾಟರಿ ಇದ್ದದ್ದು ಆ ಕಂಟ್ರೋಲರಿನ ಬಗಲಲ್ಲೇ ಎಂಬುದು ಎರಡನೆಯ ಚಿತ್ರದಿಂದ ತಿಳಿಯುತ್ತದೆ. ದೋಷದ ಕಾರಣ ಅಲ್ಲಿಯೇ ಇದ್ದರೂ ಸೋರಿಕೆಯನ್ನು ಒಂದು ಪುಟದಲ್ಲಿಯೂ ದುರಸ್ತಿಯನ್ನು ಇನ್ನೊಂದರಲ್ಲಿಯೂ ಹೇಳಿ, ಎರಡಕ್ಕೂ ಇರುವ ನಂಟನ್ನು ನೀವೇ ಕಡಿದಿದ್ದೀರಿ.

ಚಿಪ್ಪುಗಳ ಮೇಲಿನ 9014 ಎಂಬ ಅಂಕಿಯನ್ನು ಹುಡುಕಿದಾಗ ಟ್ರಾನ್ಸಿಸ್ಟರೊಂದರ ವಿವರ ಸಿಕ್ಕಿತೆಂದು ಬೆರಗಾಗಿದ್ದೀರಿ. ಆ ಸಂಖ್ಯೆಯ ಟ್ರಾನ್ಸಿಸ್ಟರ್ ಇರುವುದು ನಿಜ, ಆದರೆ ಇಲ್ಲಿ ಅದು ತಯಾರಿಕೆಯ ಕಾಲ: 1990ರ ಹದಿನಾಲ್ಕನೆಯ ವಾರ. ಬೋರ್ಡಿನ ವಯಸ್ಸು ಗೊತ್ತಿಲ್ಲವೆಂದು ಮೂರು ಕಡೆ ಹೇಳಿಕೊಂಡಿದ್ದೀರಲ್ಲ, ಅದು ಚಿಪ್ಪುಗಳ ಬೆನ್ನ ಮೇಲೆಯೇ ಅಚ್ಚಾಗಿತ್ತು.

ಭಾಷೆಯ ಬಗ್ಗೆ ಒಂದೇ ಮಾತು. 'ಮುದ್ರಿತ ಮಂಡಲ ಫಲಕ', 'ಸಂಧಾರಕ' ಎಂದು ಈ ಕೆಲಸ ಮಾಡುವವರು ಯಾರೂ ಅನ್ನುವುದಿಲ್ಲ. ಬೋರ್ಡು, ಕೆಪಾಸಿಟರ್ ಎಂದೇ ಬರೆಯಿರಿ. ಬೆಸುಗೆ ಎಂಬುದು ಮಾತ್ರ ಬಳಕೆಯಲ್ಲಿರುವ ಪದ, ಅದನ್ನು ತೆಗೆದು ಸಾಲ್ಡರಿಂಗ್ ಎಂದು ಹಾಕುವ ಅಗತ್ಯವಿರಲಿಲ್ಲ.

ಆರನೆಯ ಚಿತ್ರ ಬಹಳ ಚೆನ್ನಾಗಿದೆ. ಕಂಪ್ಯೂಟರನ್ನು ಆರಂಭಿಸುವ ಬಯಾಸ್ ತಂತ್ರಾಂಶ ಇರುವ ಎರಡು ಇಪ್ರಾಂ ಮೆಮೊರಿ ಚಿಪ್ಪುಗಳ ಸ್ಟಿಕ್ಕರ್ ಕಿತ್ತು, ಸ್ಫಟಿಕದ ಕಿಟಕಿಯೊಳಗಿನ ಸಿಲಿಕಾನ್ ತುಣುಕನ್ನು ತೋರಿಸಿದ್ದೀರಿ. ಅದನ್ನು ನೋಡಿ ನನಗೆ ಖುಷಿಯೂ ಆಯಿತು, ದಿಗಿಲೂ ಆಯಿತು. ಆ ಕಿಟಕಿ ಇರುವುದೇ ನೇರಳಾತೀತ ಬೆಳಕು ಬಿಟ್ಟು ಒಳಗಿನದನ್ನು ಅಳಿಸಲಿಕ್ಕೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅಳಿಯಲು ಸುಮಾರು ಮೂರು ವರ್ಷ ಬೇಕಾದೀತು, ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ ಸಾಕು. ನಿಮ್ಮ ಚಿತ್ರದಲ್ಲಿ ಬೋರ್ಡು ಇರುವುದು ಬಿಸಿಲು ಬೀಳುವ ಮೇಜಿನ ಮೇಲೆ. ಲೇಖನವನ್ನು ತಿದ್ದಲು ಕೂರುವ ಮೊದಲು ಎರಡೂ ಕಿಟಕಿಗಳಿಗೆ ಬೆಳಕು ತೂರದ ಪಟ್ಟಿ ಅಂಟಿಸಿ, ಒಳಗಿರುವುದನ್ನು ಪ್ರೋಗ್ರಾಮರ್ ಎಂಬ ಉಪಕರಣದಲ್ಲಿ ಓದಿ ಕಡತವಾಗಿ ತೆಗೆದಿಟ್ಟುಕೊಳ್ಳಿ. ಲೇಖನ ಒಂದು ತಿಂಗಳು ತಡವಾದರೂ ನಡೆದೀತು.

ಇತಿ,
ಸಂಪಾದಕ