ಬಾಬ್‌ಕ್ಯಾಟ್ ಅನ್ನು ಕೂಗಿ ಕರೆಯುವುದು ಹೇಗೆ? ಮೊದಲ ಬೇಟೆಗೆ ಹೊರಟವರಿಗೆ

ನೀವು ಕೇಳಿದ್ದು ಇಷ್ಟು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದೀರಿ. ಗೆಳೆಯರೊಬ್ಬರ ರ‍್ಯಾಂಚ್‌ನಲ್ಲಿ ಬಾಬ್‌ಕ್ಯಾಟ್ ಅನ್ನೋ ಗಿಡ್ಡ ಬಾಲದ ಕಾಡುಬೆಕ್ಕು ಓಡಾಡುತ್ತದೆ. ಮೊಲದ ಕೂಗು ಹಾಕಿ ಕೂತರೆ ಕೊಯೋಟಿ ಬರುತ್ತದೆ, ನರಿ ಬರುತ್ತದೆ, ಬಾಬ್‌ಕ್ಯಾಟ್ ಮಾತ್ರ ಬರುವುದಿಲ್ಲ. ಮೊದಲನೆಯದನ್ನು ಕರೆಯುವುದು ಹೇಗೆ?

ನನ್ನ ಅಂದಾಜು: ಅದು ಬರುತ್ತಿದೆ. ನೀವೇ ಬೇಗ ಎದ್ದು ಹೋಗುತ್ತಿದ್ದೀರಿ.

ಕೊಯೋಟಿ ನಾಯಿ ಜಾತಿ. ಗಾಯಗೊಂಡ ಮೊಲದ ಕಿರುಚಾಟ ಕೇಳಿದರೆ ಓಡಿಕೊಂಡೇ ಬರುತ್ತದೆ. ಅದಕ್ಕೇ ಹೆಚ್ಚಿನವರು ಹದಿನೈದು, ಇಪ್ಪತ್ತು ನಿಮಿಷ ನೋಡಿ ಜಾಗ ಬದಲಿಸುತ್ತಾರೆ. ಬಾಬ್‌ಕ್ಯಾಟ್ ಹಾಗಲ್ಲ. ನಾಲ್ಕು ಹೆಜ್ಜೆ ಇಡುತ್ತದೆ, ಪೊದೆಯ ನೆರಳಲ್ಲಿ ಕೂರುತ್ತದೆ, ನೋಡುತ್ತದೆ. ಮತ್ತೆ ನಾಲ್ಕು ಹೆಜ್ಜೆ. ಮನೆಯ ಬೆಕ್ಕು ಗೋಡೆ ಮೇಲಿನ ಹಲ್ಲಿಯನ್ನು ಎಷ್ಟು ಹೊತ್ತು ನೋಡುತ್ತಾ ಕೂರುತ್ತದೆ ಅಂತ ಗಮನಿಸಿದ್ದೀರಲ್ವಾ? ಬುದ್ಧಿ ಅದೇ. ನೂರು ಗಜ ದಾಟಲು ಅರ್ಧ ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಆದ್ದರಿಂದ ಒಂದು ಜಾಗದಲ್ಲಿ ಮುಕ್ಕಾಲು ಗಂಟೆಯಾದರೂ ಕೂರಲೇಬೇಕು. ಒಳ್ಳೆಯ ಜಾಗ ಅನ್ನಿಸಿದರೆ ಒಂದು ಗಂಟೆ ಕೂರಿ.

ಇನ್ನೊಂದು, ಸದ್ದು ನಿಲ್ಲಬಾರದು. ಕೊಯೋಟಿಗೆ ಸ್ವಲ್ಪ ಕೂಗಿ, ಸ್ವಲ್ಪ ಬಿಟ್ಟು, ಮತ್ತೆ ಕೂಗಿದರೆ ನಡೆಯುತ್ತದೆ. ಬೆಕ್ಕಿಗೆ ಸದ್ದು ನಿಂತರೆ ಆಸಕ್ತಿಯೂ ಹೋಗುತ್ತದೆ. ಅಲ್ಲೇ ಕೂತುಬಿಡುತ್ತದೆ, ಇಲ್ಲಾ ಬೇರೆ ಕಡೆ ತಿರುಗುತ್ತದೆ. ಅದಕ್ಕೇ ಈ ಒಂದು ಬೇಟೆಗೆ ನಾನು ಬಾಯಲ್ಲಿ ಊದುವ ಕಾಲ್‌ಗಿಂತ (ಪ್ರಾಣಿಯ ಕೂಗು ಹೊರಡಿಸುವ ಪೀಪಿ) ಎಲೆಕ್ಟ್ರಾನಿಕ್ ಕಾಲ್, ಅಂದರೆ ಆ ಕೂಗನ್ನು ನುಡಿಸುವ ಸ್ಪೀಕರ್ ಪೆಟ್ಟಿಗೆ, ಮೇಲು ಅನ್ನುತ್ತೇನೆ. ಒಂದು ಗಂಟೆ ಬಿಡದೆ ಊದಿದರೆ ಉಸಿರು ಸೋಲುತ್ತದೆ. ಜೊತೆಗೆ ಊದುವಾಗ ಕೈ ಆಡುತ್ತದೆ, ಅದರ ಕಣ್ಣೂ ನೇರವಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಪೆಟ್ಟಿಗೆಯನ್ನು ಇಪ್ಪತ್ತೈದು, ಮೂವತ್ತು ಗಜ ದೂರದಲ್ಲಿ ಇಟ್ಟರೆ ಅದು ಆ ಕಡೆಗೇ ನೋಡುತ್ತಿರುತ್ತದೆ. ಕಾಟನ್‌ಟೇಲ್ ಮೊಲದ ಕೂಗು ಒಳ್ಳೆಯದು. ಮರಕುಟಿಗದಂಥ ಹಕ್ಕಿ ಒದ್ದಾಡುವ ಸದ್ದು ನನಗೆ ಇನ್ನೂ ಇಷ್ಟ. ಜೋರಾಗಿ ಹಾಕುವುದು ಬೇಡ. ಅದರ ಕಿವಿ ನಮ್ಮ ಕಿವಿಯಂಥದ್ದಲ್ಲ.

ವೀಸಾದ ವಿಷಯವನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಅಮೆರಿಕದ ಫೆಡರಲ್ ಕಾನೂನಿನಂತೆ ನಾನ್-ಇಮಿಗ್ರಂಟ್ ವೀಸಾದಲ್ಲಿ (ಕಾಯಂ ನೆಲೆಸಲು ಅಲ್ಲದ ವೀಸಾ) ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಎಚ್-1ಬಿ ಕೂಡ ಇದರಲ್ಲಿ ಸೇರುತ್ತದೆ. ಆದರೆ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗೆಳೆಯರ ರೈಫಲ್ ಹಿಡಿಯುವುದಕ್ಕೂ ಇದೇ ಕಾನೂನು, ಸುಮ್ನೆ ಗುರಿ ಅಭ್ಯಾಸಕ್ಕೆ ಹಿಡಿದರೂ ಇದೇ. ಟೆಕ್ಸಾಸ್ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಆ ದಿನಾಂಕ ಮರೆತರೆ ವಿನಾಯಿತಿಯೂ ಹೋಯಿತು ಅಂತಲೇ ತಿಳಿಯಿರಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಅನುಮಾನ ಇದ್ದರೆ ಒಬ್ಬ ವಕೀಲರನ್ನು ಕೇಳಿ, ಆಮೇಲೆ ಬಂದೂಕು ಮುಟ್ಟಿ.

1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಟೆಕ್ಸಾಸ್‌ನಲ್ಲಿ ಬೇಟೆ ತರಬೇತಿ ಮುಗಿಸಬೇಕು. ಆನ್‌ಲೈನಲ್ಲೂ ಮುಗಿಸಬಹುದು, ಆದರೆ ಮೈದಾನದಲ್ಲಿ ಕಲಿಸುವ ತರಗತಿಗೆ ಹೋಗಿ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತುಹೋಯಿತು, ನಮ್ಮ ತಲೆಮಾರಿನ ಬಹಳ ಜನ ಬಂದೂಕನ್ನು ಕೈಯಲ್ಲಿ ಹಿಡಿದೇ ಇಲ್ಲ. ಹಿಡಿದು ಕಲಿಯಬೇಕಾದ್ದನ್ನು ಪರದೆ ಮೇಲೆ ನೋಡಿ ಕಲಿತರೆ ಸಾಲದು. ಬಾಬ್‌ಕ್ಯಾಟ್‌ಗೆ ಟೆಕ್ಸಾಸ್‌ನಲ್ಲಿ ಮುಚ್ಚಿದ ಸೀಸನ್ (ಬೇಟೆ ಆಡಬಾರದ ತಿಂಗಳುಗಳು) ಇಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಬಾಬ್‌ಕ್ಯಾಟ್ ಬೇಟೆಗೆ ತಡೆ ಬಿತ್ತು. ಹೀಗೆ ರಾಜ್ಯಕ್ಕೊಂದು ನಿಯಮ, ಗಡಿ ದಾಟುವ ಮುಂಚೆ ಓದಿಕೊಳ್ಳಿ.

ಈಗ ಜಾಗ. ರ‍್ಯಾಂಚ್ ಅಂದರೆ ಸಾವಿರಾರು ಎಕರೆ ಇರಬಹುದು, ಅದರಲ್ಲಿ ಬೆಕ್ಕು ನಡೆಯುವ ದಾರಿ ಮಾತ್ರ ಸಣ್ಣದು. ಒಣಗಿದ ಹಳ್ಳದ ಪಾತ್ರ, ಸುಣ್ಣಕಲ್ಲಿನ ಅಂಚು, ಸೀಡರ್ ಮತ್ತು ಮೆಸ್ಕೀಟ್ ಮೆಳೆ ಒಂದಕ್ಕೊಂದು ಸೇರುವ ಕಡೆ. (ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಪಾಪಾಸುಕಳ್ಳಿಯೂ ಅಲ್ಲೇ ಇರುತ್ತದೆ, ಕೂರುವ ಮುಂಚೆ ನೆಲ ನೋಡಿಕೊಳ್ಳಿ.) ಮಳೆ ಬಂದ ಮಾರನೇ ದಿನ ಹಳ್ಳದ ಕೆಸರಲ್ಲಿ ಹೆಜ್ಜೆ ಹುಡುಕಿ. ಬಾಬ್‌ಕ್ಯಾಟ್ ಹೆಜ್ಜೆ ದುಂಡಗೆ, ಸುಮಾರು ಎರಡು ಇಂಚು ಅಗಲ, ಉಗುರಿನ ಗುರುತು ಇರುವುದಿಲ್ಲ. ಕೊಯೋಟಿ ಹೆಜ್ಜೆ ಉದ್ದಕ್ಕೆ, ಉಗುರು ಮೂಡಿರುತ್ತದೆ. ಮೊಲ ಜಾಸ್ತಿ ಇರುವ ಕಡೆ ಬೆಕ್ಕೂ ಇರುತ್ತದೆ. ಬಯಲಿನ ನಡುವೆ ಕೂರುವುದು ಕೊಯೋಟಿಗೆ ಸರಿ. ಇದಕ್ಕೆ ನೀವೇ ಮೆಳೆಯ ಹತ್ತಿರ ಹೋಗಬೇಕು. ಬೆಕ್ಕು ಬಯಲು ದಾಟಿ ಬರಲಿ ಅಂತ ಕಾಯಬೇಡಿ.

ಪೊದೆಗೆ ಬೆನ್ನು ಕೊಟ್ಟು, ನೆರಳಲ್ಲಿ, ಸೂರ್ಯ ಹಿಂದೆ ಇರುವ ಹಾಗೆ ಕೂರಿ. ಮುಖ ಮುಚ್ಚಿ, ಕೈಗೂ ಕವಚ ಹಾಕಿ. ಬಾಬ್‌ಕ್ಯಾಟ್ ಮೂಗಿಗಿಂತ ಕಣ್ಣು, ಕಿವಿಯನ್ನೇ ಹೆಚ್ಚು ನಂಬುತ್ತದೆ. ಗಾಳಿಯ ದಿಕ್ಕು ನೋಡಿ, ಆದರೆ ಅದಕ್ಕಿಂತ ಹತ್ತು ಪಾಲು ಅಲುಗಾಡದಿರುವುದನ್ನು ನೋಡಿ. ಪೆಟ್ಟಿಗೆಯ ಪಕ್ಕದ ಕೊಂಬೆಗೆ ಗೇಣುದ್ದ ದಾರದಲ್ಲಿ ಒಂದು ಟರ್ಕಿ ಕೋಳಿಯ ಪುಕ್ಕ ಕಟ್ಟಿ. ಗಾಳಿಗೆ ಅದು ತಿರುಗುತ್ತಿರಲಿ. ಗಾಳಿ ಇಲ್ಲದ ದಿನಕ್ಕೆ ಬ್ಯಾಟರಿಯಲ್ಲಿ ಕುಣಿಯುವ ಬೊಂಬೆಗಳೂ ಸಿಗುತ್ತವೆ. ಸದ್ದು ಬೆಕ್ಕನ್ನು ಹತ್ತಿರಕ್ಕೆ ಎಳೆಯುತ್ತದೆ, ಕೊನೆಯ ನಲವತ್ತು ಗಜ ಎಳೆಯುವುದು ಆ ಪುಕ್ಕ.

ನನ್ನ ಮೊದಲ ಬಾಬ್‌ಕ್ಯಾಟ್ ಬಂದದ್ದು ಟೆಕ್ಸಾಸ್‌ನ ಲ್ಯಾನೋ ಕಡೆಯ ಒಂದು ರ‍್ಯಾಂಚ್‌ನಲ್ಲಿ, ಡಿಸೆಂಬರ್ ಬೆಳಿಗ್ಗೆ. ಎರಡು ಸೀಡರ್ ಗಿಡಗಳ ನಡುವೆ ಹಳ್ಳಕ್ಕೆ ಇಳಿಯುವ ಒಂದು ಕಂಡಿ, ಅದರ ಎದುರಿಗೆ ಮರಸು ಕೂತಿದ್ದೆ. ಮೊದಲು ಬೂದು ನರಿ ಬಂತು, ಪೆಟ್ಟಿಗೆ ಮೂಸಿ ಹೋಯಿತು. ಸದ್ದು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ಕಂಡಿಯ ಎಡಕ್ಕೆ, ಹುಲ್ಲಿನ ಮೇಲೆ ಎರಡು ಸಣ್ಣ ಬಿಳಿ ಚುಕ್ಕೆ ಕಂಡವು. ಬಾಬ್‌ಕ್ಯಾಟ್ ಕಿವಿಯ ಹಿಂಭಾಗ ಕಪ್ಪು, ಅದರ ಮಧ್ಯೆ ಬಿಳಿ ಮಚ್ಚೆ. ಅಂದರೆ ಅದು ನನ್ನ ಕಡೆ ಬೆನ್ನು ಮಾಡಿ ಕೂತು ಪುಕ್ಕವನ್ನೇ ನೋಡುತ್ತಿತ್ತು. ಎಲ್ಲಿಂದ ಬಂತೋ ಕಾಣಲೇ ಇಲ್ಲ. ಕಿವಿ ತಿರುಗಿತು, ಚುಕ್ಕೆ ಮಾಯ. ಮತ್ತೆ ತಿರುಗಿತು, ಚುಕ್ಕೆ ಬಂತು. ಗಿಡ್ಡ ಬಾಲದ ತುದಿ ಹುಲ್ಲಲ್ಲಿ ಟಕ್ ಅಂತ ಆಡಿತು. ನನ್ನ ಎದೆ ಬಡಿತಕ್ಕೆ ಸ್ಕೋಪ್ ಅಲುಗುತ್ತಿತ್ತು. ಅದು ಎದ್ದು ಸೀಡರ್ ಕಾಂಡದ ಹಿಂದೆ ಹೋದಾಗ ರೈಫಲ್ ಸರಿಮಾಡಿಕೊಂಡೆ. ಈಚೆ ಬಂದಾಗ ತುಟಿ ಚೀಪಿ ಇಲಿಯ ಹಾಗೆ ಕಿಚ್ ಅನ್ನಿಸಿದೆ. ನಿಂತು, ಅಡ್ಡವಾಗಿ, ತಲೆ ತಿರುಗಿಸಿ ನೋಡಿತು. ಭುಜದ ಹಿಂದೆ ಒಂದೇ ಈಡು. ನಿಂತಲ್ಲೇ ಬಿತ್ತು.

ಇದರಲ್ಲಿ ನೀವು ಹಿಡಿದುಕೊಳ್ಳಬೇಕಾದ್ದು ಒಂದು: ಅದರ ಕಣ್ಣು ನಿಮ್ಮ ಕಡೆ ಇರುವಾಗ ರೆಪ್ಪೆ ಬಿಟ್ಟು ಇನ್ನೇನೂ ಅಲ್ಲಾಡಬಾರದು. ಅದು ಮರದ ಹಿಂದೆ ಹೋದಾಗ, ಪುಕ್ಕದ ಕಡೆ ತಿರುಗಿದಾಗ, ಆಗ ನಿಮ್ಮ ಕೆಲಸ. ಕವಲಿನ ಊರುಗೋಲಿನ ಮೇಲೆ ರೈಫಲ್ ಮೊದಲೇ ಇಟ್ಟು, ಬರಬಹುದಾದ ಕಡೆಗೆ ತಿರುಗಿಸಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಗುಂಡು ಹಾರಿಸುವ ಮುಂಚೆ ಬಾಲ ನೋಡಲೇಬೇಕು. ಬಾಬ್‌ಕ್ಯಾಟ್ ಬಾಲ ಗಿಡ್ಡ, ತುದಿ ಮೇಲೆ ಕಪ್ಪು, ಅಡಿಯಲ್ಲಿ ಬಿಳಿ. ಮೆಕ್ಸಿಕೋ ಗಡಿಯ ಹತ್ತಿರ, ಟೆಕ್ಸಾಸ್‌ನ ದಕ್ಷಿಣದ ತುದಿಯಲ್ಲಿ ಆಸಿಲಾಟ್ ಅನ್ನೋ ಕಾಡುಬೆಕ್ಕು ಇದೆ. ಗಾತ್ರ ಹೆಚ್ಚುಕಮ್ಮಿ ಇಷ್ಟೇ, ಆದರೆ ಬಾಲ ಉದ್ದ, ಮೈಮೇಲೆ ಸರಪಳಿಯಂಥ ಮಚ್ಚೆ. ಅಮೆರಿಕದಲ್ಲಿ ನೂರಕ್ಕೂ ಕಡಿಮೆ ಉಳಿದಿವೆ. 1982ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಬಾಲ ಕಾಣದಿದ್ದರೆ ಗುಂಡು ಹಾರಿಸಬೇಡಿ, ಬೇಟೆ ಹೋದರೆ ಹೋಗಲಿ.

ಇನ್ನು ಎರಡು ಮೂರು ಒಟ್ಟಿಗೆ ಬಂದರೆ ಬಿಟ್ಟುಬಿಡಿ. ಮರಿಗಳು ವಸಂತದಲ್ಲಿ ಹುಟ್ಟಿ ಚಳಿಗಾಲದವರೆಗೂ ತಾಯಿಯ ಜೊತೆಗೇ ಇರುತ್ತವೆ. ಡಿಸೆಂಬರ್ ಹೊತ್ತಿಗೆ ನೋಡಲು ದೊಡ್ಡವೇ, ಆದರೆ ಬೇಟೆ ಇನ್ನೂ ಕಲಿಯುತ್ತಿರುತ್ತವೆ. ಕಾನೂನು ಇದನ್ನು ತಡೆಯುವುದಿಲ್ಲ, ನಾನು ತಡೆಯುತ್ತೇನೆ. ಒಂದು ರ‍್ಯಾಂಚ್‌ನಿಂದ ಒಂದು ಚಳಿಗಾಲಕ್ಕೆ ಒಂದಕ್ಕಿಂತ ಹೆಚ್ಚು ತೆಗೆಯುವುದೂ ಇಲ್ಲ. ಚರ್ಮಕ್ಕೆ ನಿಜವಾದ ಉಪಯೋಗ ಇಲ್ಲ ಅಂದರೆ ಕ್ಯಾಮೆರಾ ಹಿಡಿದು ಕೂರಿ. ಕರೆಯುವ ವಿದ್ಯೆ ಅದೇ, ಹತ್ತಿರ ಬಂದಾಗ ಎದೆ ಬಡಿದುಕೊಳ್ಳುವುದೂ ಅಷ್ಟೇ.

ಬಂದೂಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗಂಡು ಸುಮಾರು 9ರಿಂದ 10 ಕಿಲೋ, ಹೆಣ್ಣು 6ರಿಂದ 7 ಕಿಲೋ. ದಪ್ಪ ಕೂದಲಿನಿಂದ ದೊಡ್ಡದಾಗಿ ಕಾಣುತ್ತದೆ ಅಷ್ಟೇ. ಐವತ್ತು ಗಜದೊಳಗೆ .22 ಮ್ಯಾಗ್ನಮ್ ಅನ್ನೋ ಸಣ್ಣ ಗುಂಡಿನ ರೈಫಲ್ ಸಾಕು. ಅದಕ್ಕಿಂತ ಜೋರಿನ .223 ರೈಫಲ್ ಎಲ್ಲರ ಹತ್ತಿರ ಇರುತ್ತದೆ, ಅದೂ ಆಗುತ್ತದೆ, ಆದರೆ ಗುಂಡಿನ ಬಗೆ ನೋಡಿ ಆರಿಸದಿದ್ದರೆ ಚರ್ಮ ಹರಿಯುತ್ತದೆ. ದಟ್ಟ ಮೆಳೆಯಲ್ಲಿ ಶಾಟ್‌ಗನ್ ಒಳ್ಳೆಯದು.

ಬಿದ್ದ ಮೇಲೆ ತಕ್ಷಣ ಕೈ ಹಾಕಬೇಡಿ. ಸ್ವಲ್ಪ ಕಾದು, ದೂರದಿಂದ ಕೋಲಲ್ಲಿ ಕಣ್ಣು ಮುಟ್ಟಿ ನೋಡಿ. ಸುಲಿಯುವಾಗ ರಬ್ಬರ್ ಗ್ಲೌಸ್ ಇರಲೇಬೇಕು, ರೇಬಿಸ್ ಭಯ ಇದ್ದೇ ಇದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೂದಲು ತುಂಬಿರುತ್ತದೆ, ಬೇಸಿಗೆಯಲ್ಲಿ ಹೊಡೆದರೆ ಚರ್ಮ ಯಾವ ಕೆಲಸಕ್ಕೂ ಬಾರದು. ಚರ್ಮವನ್ನು ಟೆಕ್ಸಾಸ್‌ನಿಂದ ಹೊರಗೆ ಕಳಿಸಬೇಕಾದರೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಟ್ಯಾಗ್ ಬೇಕು, ರಾಜ್ಯದ ವನ್ಯಜೀವಿ ಇಲಾಖೆಯ ಮೂಲಕ ಸಿಗುತ್ತದೆ. ಊರಿಗೆ ತಗೊಂಡು ಹೋಗುವ ಆಸೆ ಇದ್ದರೆ ಬಿಟ್ಟುಬಿಡಿ. ಎರಡೂ ದೇಶಗಳ ಅನುಮತಿ ಇಲ್ಲದೆ ಸೂಟ್‌ಕೇಸಲ್ಲಿ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲೇ ಕೇಸ್ ಆಗುತ್ತದೆ.